ತುಮಕೂರಿನ ಮೋಜು ಬೆಂಗಳೂರಿಗೆ ಹೋದದ್ದು ಹೇಗೆ?

ಭಾನುವಾರ ಬೆಳಗ್ಗೆ ಆರು ಗಂಟೆಗೆ ತುಮಕೂರಿನ ಹೊಸ ಬಡಾವಣೆಗಳ ಕಡೆ ಒಂದು ಸುತ್ತು ಹೋಗಿ. ಇನ್ನೂ ಗಾಡಿ ಓಡಾಟ ಶುರುವಾಗದ ಡಾಂಬರು ರಸ್ತೆಯಲ್ಲಿ ಏಳೆಂಟು ಮಕ್ಕಳು ಸ್ಕೇಟಿಂಗ್ ಮಾಡುತ್ತಿರುತ್ತಾರೆ. ತಲೆಗೆ ಹೆಲ್ಮೆಟ್, ಮಂಡಿಗೆ, ಮೊಣಕೈಗೆ ಪ್ಯಾಡ್. ಬೆನ್ನು ಬಗ್ಗಿಸಿ, ಒಂದು ಕೈ ಹಿಂದೆ ಕಟ್ಟಿ, ಇನ್ನೊಂದು ಕೈ ಬೀಸುತ್ತಾ ಸಾಗುವ ಮಕ್ಕಳ ಹಿಂದೆಯೇ ಸ್ಕೂಟರ್‌ನಲ್ಲಿ ಒಬ್ಬರು ಅಪ್ಪ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದ ಕೋಚ್ ತಿರುವಿನಲ್ಲಿ ನಿಂತು ಕೂಗುತ್ತಾರೆ. ಮೊನ್ನೆ ಹೀಗೆ ನೋಡುತ್ತಾ ನಿಂತಿದ್ದೆ. ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದ ತಾಯಿಯನ್ನು ಸುಮ್ನೆ ಮಾತಾಡಿಸಿದೆ. "ಮಗನಿಗೆ ತುಂಬಾ ಖುಷಿ ಇರಬೇಕು ಅಲ್ವಾ?" ಅಂದೆ. "ಖುಷಿ ಏನ್ ಬಂತು ಸಾರ್, ಮುಂದಿನ ತಿಂಗಳು ಸೆಲೆಕ್ಷನ್ ಇದೆ" ಅಂದರು.

ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಸ್ಕೇಟಿಂಗ್ ಈಗ ಪದಕ ತರುವ ಆಟ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ 3000 ಮೀಟರ್ ರಿಲೇಯಲ್ಲಿ ನಮ್ಮ ಹುಡುಗಿಯರಿಗೂ ಹುಡುಗರಿಗೂ ಕಂಚು ಬಂತು. 2025ರಲ್ಲಿ ತಮಿಳುನಾಡಿನ ಆನಂದಕುಮಾರ್ ವೇಲ್‌ಕುಮಾರ್ 1000 ಮೀಟರ್ ಓಟದಲ್ಲಿ ವಿಶ್ವ ಚಾಂಪಿಯನ್ ಆದರು. ಮಕ್ಕಳು ಇದನ್ನು ಗಂಭೀರವಾಗಿ ಕಲಿಯುತ್ತಿರುವುದು ಒಳ್ಳೆಯದೇ. ಆದರೂ "ಖುಷಿ ಏನ್ ಬಂತು" ಅನ್ನೋ ಮಾತು ಮನೆಗೆ ಬಂದಮೇಲೂ ಕಿವಿಯಲ್ಲೇ ಇತ್ತು. ಯಾಕೆಂದರೆ ನಾನು ಸ್ಕೇಟಿಂಗ್ ಕಲಿತದ್ದು ಯಾವ ಸೆಲೆಕ್ಷನ್‌ಗೂ ಅಲ್ಲ. ಕಲಿತೆ ಅನ್ನೋದೂ ದೊಡ್ಡ ಮಾತು. ಬಿದ್ದೆ ಅನ್ನಬಹುದು.

ಎಂಬತ್ತರ ದಶಕದ ಕೊನೆ. ಬೇಸಿಗೆ ರಜೆಯಲ್ಲಿ ಊರೊಳಗಿನ ಹಳೇ ಗೋಡೌನ್ ಒಂದನ್ನು ಯಾರೋ ಬಾಡಿಗೆಗೆ ಹಿಡಿದು ಸ್ಕೇಟಿಂಗ್ ನಡೆಸುತ್ತಿದ್ದರು. ಕಡ್ಲೆಕಾಯಿ ಮೂಟೆ ಪೇರಿಸುತ್ತಿದ್ದ ಜಾಗ. ಮೂಲೆಯಲ್ಲಿ ಇನ್ನೂ ಅದೇ ವಾಸನೆ. ನೆಲ ಮಾತ್ರ ನುಣ್ಣಗೆ ಉಜ್ಜಿದ ಸಿಮೆಂಟು. ಬಾಗಿಲಲ್ಲಿ ಒಂದು ಮೇಜು, ಮೇಜಿನ ಹಿಂದೆ ಸ್ಕೇಟುಗಳ ರಾಶಿ. ಅರ್ಧ ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟರೆ ನಮ್ಮ ಚಪ್ಪಲಿ ಅಲ್ಲಿಟ್ಟು ಸ್ಕೇಟು ಕೊಡುತ್ತಿದ್ದರು. ಚಪ್ಪಲಿಯೇ ಅಡಮಾನ!

ಆ ಸ್ಕೇಟುಗಳನ್ನು ಈಗಿನ ಮಕ್ಕಳು ನೋಡಿದರೆ ನಗುತ್ತಾರೆ. ಕಬ್ಬಿಣದ ತಟ್ಟೆ, ಮುಂದೆ ಎರಡು ಚಕ್ರ, ಹಿಂದೆ ಎರಡು ಚಕ್ರ. ತಟ್ಟೆಯ ಕೆಳಗೊಂದು ನಟ್ಟು. ಅದನ್ನು ಸಡಿಲಿಸಿ ಎಳೆದರೆ ತಟ್ಟೆ ಉದ್ದ ಆಗುತ್ತಿತ್ತು. ಅಣ್ಣನಿಗೂ ತಮ್ಮನಿಗೂ ಒಂದೇ ಜೊತೆ ಸಾಕು. ಕಣಕಾಲಿಗೆ ಚರ್ಮದ ಪಟ್ಟಿ. ಚಕ್ರದ ಬೇರಿಂಗ್‌ನಲ್ಲಿ ಧೂಳು ಸೇರಿಕೊಂಡರೆ ಸೀಮೆಎಣ್ಣೆಯಲ್ಲಿ ಅದ್ದಿ ತೆಗೆಯುತ್ತಿದ್ದರು. ಇಪ್ಪತ್ತು ಜನ ಒಟ್ಟಿಗೆ ಸುತ್ತಿದರೆ ತಗಡಿನ ಸೂರಿನ ಕೆಳಗೆ ರೈಲು ಬಂದ ಸದ್ದು. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ನಮ್ಮ ಚಿಕ್ಕಪ್ಪ ಒಂದು ಸಂಜೆ ನಮ್ಮನ್ನು ಕರೆದುಕೊಂಡು ಹೋಗಲು ಬಂದವರು, ತಾವೂ ಒಂದು ಜೊತೆ ಕಟ್ಟಿಕೊಂಡು ಎರಡು ಹೆಜ್ಜೆ ಇಟ್ಟು, ಪ್ಯಾಂಟಿನ ಸಮೇತ ಕೂತುಬಿಟ್ಟರು. ಇಡೀ ಗೋಡೌನ್ ನಕ್ಕಿತು. ಅವರೂ ನಕ್ಕರು. ದೊಡ್ಡವರು ಹತ್ತು ಜನರ ಎದುರು ಬಿದ್ದು ತಾವೇ ನಗುವಂಥ ಜಾಗ ಈಗ ನಮ್ಮೂರಲ್ಲಿ ಎಲ್ಲಿದೆ ಅಂತ ಯೋಚಿಸಿದೆ. ನೆನಪಾಗಲಿಲ್ಲ.

ಆ ನಾಲ್ಕು ಚಕ್ರದ ಸ್ಕೇಟಿಗೂ ಒಂದು ಕತೆಯಿದೆ. 1863ರಲ್ಲಿ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ ಅದನ್ನು ರೂಪಿಸಿದ. ಅದಕ್ಕೂ ಮುಂಚಿನ ಸ್ಕೇಟುಗಳು ನೇರಕ್ಕೆ ಓಡುತ್ತಿದ್ದವು, ತಿರುಗಿಸುವುದು ಬಲು ಕಷ್ಟ. ಚಕ್ರಗಳನ್ನು ಎರಡೆರಡು ಜೋಡಿ ಮಾಡಿ, ನಡುವೆ ರಬ್ಬರ್ ಕೊಟ್ಟಿದ್ದರಿಂದ ಮೈ ವಾಲಿಸಿದ ಕಡೆಗೆ ಸ್ಕೇಟು ತಿರುಗಿತು. ತಿರುಗಲು ಬಂದಮೇಲೆ ಉದ್ದ ರಸ್ತೆ ಬೇಕಿಲ್ಲ, ನಾಲ್ಕು ಗೋಡೆಯೊಳಗೇ ಸುತ್ತಬಹುದು. ರಿಂಕ್ ಅನ್ನೋ ಜಾಗ ಜನಪ್ರಿಯವಾಗಿದ್ದೇ ಹೀಗೆ. ಈಗ ರಸ್ತೆಯಲ್ಲಿ ಕಾಣುವ ಇನ್‌ಲೈನ್ ಸ್ಕೇಟು, ಅಂದರೆ ಚಕ್ರಗಳೆಲ್ಲ ಒಂದೇ ಸಾಲಿನಲ್ಲಿರುವುದು, ವೇಗಕ್ಕೆ ಹೇಳಿ ಮಾಡಿಸಿದ್ದು. ಹಳೆಯದು ಸುತ್ತಲು, ಹೊಸದು ಗೆಲ್ಲಲು. ಚಕ್ರ ಬದಲಾದಂತೆ ಆಟದ ಉದ್ದೇಶವೂ ಬದಲಾಯಿತು.

ಸ್ಕೇಟಿಂಗ್ ಒಂದೇ ಅಲ್ಲ. ಸರ್ಕಸ್ ಡೇರೆ ಬರುತ್ತಿತ್ತು. ರಾತ್ರಿ ಆಕಾಶದಲ್ಲಿ ಸುತ್ತುವ ಅದರ ಸರ್ಚ್‌ಲೈಟ್ ಪಕ್ಕದ ಹಳ್ಳಿಗಳಿಗೂ ಕಾಣುತ್ತಿತ್ತು. ತಾಲ್ಲೂಕುಗಳಲ್ಲಿ ಟೆಂಟ್ ಸಿನಿಮಾ ಇತ್ತು. ಮುಂದೆ ಮರಳು ಹಾಕಿದ ನೆಲ, ಹಿಂದೆ ಬೆಂಚು, ಅದರ ಹಿಂದೆ ಚೇರು. ದೇವರ ಹಾಡು ಹಾಕಿದರೆ ಶೋ ಶುರು ಅಂತ ಲೆಕ್ಕ, ಹಾಡು ಕೇಳಿಸಿದ ಕೂಡಲೇ ಮನೆಯಿಂದ ಓಡುತ್ತಿದ್ದೆವು. ಇನ್ನೂ ಹಿಂದಕ್ಕೆ ಹೋದರೆ ನಾಟಕ ಕಂಪನಿ. ನಮ್ಮ ಜಿಲ್ಲೆಯ ಗುಬ್ಬಿಯಲ್ಲೇ 1884ರಲ್ಲಿ ಶುರುವಾದ ಕಂಪನಿ, ವೀರಣ್ಣನವರ ಕೈಗೆ ಬಂದಮೇಲೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತರಿಸಿ ಕುರುಕ್ಷೇತ್ರ ಆಡಿತು. ಇಡೀ ನಾಡಿಗೆ ಮೋಜು ಹಂಚಿದ ಜಿಲ್ಲೆ ಇದು. ಇವತ್ತು ರಜಾ ದಿನ ಬಂದರೆ ಇಲ್ಲಿನ ಮನೆಗಳಲ್ಲಿ ಕೇಳುವ ಪ್ರಶ್ನೆ ಒಂದೇ: "ಬೆಂಗಳೂರಿಗೆ ಹೋಗೋಣ್ವಾ?"

ಇದಕ್ಕೆಲ್ಲ ಮೊಬೈಲೇ ಕಾರಣ ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಕಾಲದ ಲೆಕ್ಕವೇ ಕೂಡುವುದಿಲ್ಲ. ಜಿಯೋ ಬಂದು ಡೇಟಾ ಅಗ್ಗ ಆಗಿದ್ದು 2016ರ ಸೆಪ್ಟೆಂಬರ್‌ನಲ್ಲಿ. ಅಷ್ಟೊತ್ತಿಗೆ ನಮ್ಮ ಗೋಡೌನಿನ ಸ್ಕೇಟಿಂಗ್ ನಿಂತು ಎರಡು ದಶಕ ಕಳೆದಿತ್ತು. ಟೆಂಟ್ ಸಿನಿಮಾವನ್ನು ಕೇಬಲ್ ಟೀವಿ, ವೀಡಿಯೊ ಕ್ಯಾಸೆಟ್ ತಿಂದವು ಅನ್ನುವುದು ಸರಿ. ಆದರೆ ಟೀವಿ ನೋಡಿ ಯಾರಿಗೂ ಸ್ಕೇಟಿಂಗ್ ಮಾಡಿದ ಹಾಗೆ ಆಗುವುದಿಲ್ಲವಲ್ಲ. ಮೊಬೈಲ್ ಬಂದದ್ದು ಖಾಲಿ ಮನೆಗೆ. ಮನೆ ಖಾಲಿ ಮಾಡಿಸಿದ್ದು ಬೇರೆ.

ನನ್ನ ಪ್ರಕಾರ ಖಾಲಿ ಮಾಡಿಸಿದ್ದು ನೆಲದ ಬೆಲೆ. ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ನಾನೇ ಇಟ್ಟುಕೊಂಡವು, ನಿಮ್ಮ ಬೀದಿಯ ಬಾಡಿಗೆಗೆ ತಕ್ಕಂತೆ ಬದಲಾಯಿಸಿಕೊಳ್ಳಿ. 40 ಅಡಿಗೆ 80 ಅಡಿ ಹಾಲ್, ಅಂದರೆ 3200 ಚದರ ಅಡಿ. ಡಿಕ್ಕಿ ಹೊಡೆಯದೆ ಸುತ್ತಬೇಕು ಅಂದರೆ ಒಟ್ಟಿಗೆ 30 ಜನ. ಗಂಟೆಗೆ ತಲೆಗೆ 100 ರೂಪಾಯಿ ಅಂದರೆ ತುಂಬಿದ ಗಂಟೆಗೆ 3000. ಶನಿವಾರ, ಭಾನುವಾರ ಮೂರು ಗಂಟೆ ತುಂಬಿತು ಅನ್ನಿ, ದಿನಕ್ಕೆ 9000. ತಿಂಗಳಲ್ಲಿ ಅಂಥ 8 ದಿನಕ್ಕೆ 72,000. ಉಳಿದ 22 ದಿನ ಸಂಜೆ ಒಂದೊಂದು ಗಂಟೆ ತುಂಬಿದರೆ 66,000. ಒಟ್ಟು 1,38,000. ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಈಗ ಚದರ ಅಡಿಗೆ 30 ರೂಪಾಯಿ ಬಾಡಿಗೆ ಹಿಡಿಯಿರಿ, 96,000 ಹೋಯಿತು. ಇಬ್ಬರು ಹುಡುಗರ ಸಂಬಳ ತಲಾ 15,000, ಅಲ್ಲಿಗೆ 30,000. ಉಳಿದದ್ದು 12,000. ಕರೆಂಟು ಬಿಲ್ಲು, ಸವೆದ ಚಕ್ರ, ಹರಿದ ಪಟ್ಟಿ, ಪರೀಕ್ಷೆ ತಿಂಗಳಲ್ಲಿ ಖಾಲಿ ಹೊಡೆಯುವ ಹಾಲ್, ಎಲ್ಲಾ ಅದರಲ್ಲೇ. ನಡೆಸುವವನ ಮನೆ ಖರ್ಚು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ತೆರಿಗೆಯಿಂದ ಸತ್ತಿತು ಅಂತಲೂ ಹೇಳುವವರಿದ್ದಾರೆ. 2017ರಲ್ಲಿ ಜಿಎಸ್‌ಟಿ ಬಂದಾಗ ಅಮ್ಯೂಸ್‌ಮೆಂಟ್ ಪಾರ್ಕು, ತಿರುಗುವ ಕುದುರೆ ಇಂಥವಕ್ಕೆ ಶೇ 28 ಹಾಕಿದ್ದು ನಿಜ. 2018ರ ಜನವರಿಯಲ್ಲಿ ಅದನ್ನು ಶೇ 18ಕ್ಕೆ ಇಳಿಸಿದರು. ಆದರೆ ನಮ್ಮ ಲೆಕ್ಕದ ರಿಂಕ್‌ನ ವರ್ಷದ ವ್ಯವಹಾರ ಸುಮಾರು 16.5 ಲಕ್ಷ. ಸೇವೆಗಳಿಗೆ ಜಿಎಸ್‌ಟಿ ನೋಂದಣಿ ಮಿತಿ 20 ಲಕ್ಷ. ಅಂದರೆ ಅದು ತೆರಿಗೆಯ ಬಲೆಗೂ ಸಿಗದಷ್ಟು ಚಿಕ್ಕ ಮೀನು. ಅದನ್ನು ಮುಳುಗಿಸಲು ಬಾಡಿಗೆ ಒಂದೇ ಸಾಕು.

ಅದೇ ಹಾಲನ್ನು ಪಾರ್ಟಿಷನ್ ಹಾಕಿ ಅಂಗಡಿ ಮಾಡಿದರೆ? ಟ್ಯೂಷನ್ ಸೆಂಟರಿಗೆ ಕೊಟ್ಟರೆ? ಟ್ಯೂಷನ್ನಿನಲ್ಲಿ ಒಂದು ಮಗುವಿಗೆ ಬೇಕಾಗುವುದು ಬೆಂಚಿನಲ್ಲಿ ಒಂದೂವರೆ ಅಡಿ. ಸ್ಕೇಟಿಂಗ್‌ನಲ್ಲಿ ಒಂದು ಮಗುವಿಗೆ ನೂರು ಚದರ ಅಡಿ ಬೇಕು. ಜಾಗ ತಿನ್ನುವ ಮೋಜುಗಳೆಲ್ಲ ಹೀಗೇ ಸೋತವು. ಸರ್ಕಸ್‌ಗೆ ಎಕರೆಗಟ್ಟಲೆ ಮೈದಾನ ಬೇಕು. ಒಂದೇ ಪರದೆಯ ಥಿಯೇಟರಿಗೆ ಎಂಟುನೂರು ಕುರ್ಚಿಯ ಜಾಗ, ಅದೂ ಊರ ನಡುವೆ. ತುಮಕೂರಿನ ನೆಲ ಏನು ಸುಮ್ಮನೆ ಏರಿತೇ? ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೆಯಿತು. 2023ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಬೆಂಗಳೂರಿನಿಂದ 70 ಕಿಲೋಮೀಟರ್ ದೂರದ ಊರಿನಲ್ಲಿ ಸೈಟಿನ ಮಾತೇ ಮಾತು.

ಸರ್ಕಸ್ ವಿಷಯದಲ್ಲಿ ಕಾನೂನಿನ ಪಾತ್ರವೂ ಇದೆ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಬಳಸಬಾರದು ಅಂತ ಕೇಂದ್ರ ಸರ್ಕಾರ 1998ರಲ್ಲಿ ಅಧಿಸೂಚನೆ ಹೊರಡಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2011ರಲ್ಲಿ ಮಕ್ಕಳನ್ನು ದುಡಿಸಿಕೊಳ್ಳುವುದಕ್ಕೂ ತಡೆ ಬಿತ್ತು. ಎರಡೂ ಸರಿಯಾದ ತೀರ್ಮಾನಗಳೇ. ಚಾವಟಿ ಹಿಡಿದವನ ಮುಂದೆ ಸ್ಟೂಲಿನ ಮೇಲೆ ಕೂತ ಸಿಂಹವನ್ನು ನೆನೆದು ಹಲುಬುವುದರಲ್ಲಿ ಅರ್ಥವಿಲ್ಲ. ಹಳೆಯದೆಲ್ಲ ಚೆನ್ನಾಗಿತ್ತು ಅನ್ನುವವರು ಇನ್ನೊಂದನ್ನೂ ನೆನಪಿಟ್ಟುಕೊಳ್ಳಬೇಕು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಜಾಸ್ತಿ ಜನ ಸತ್ತರು. ಹೆಚ್ಚಿನವರು ಮಕ್ಕಳು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆಮೇಲೆ ಬಹಳ ವರ್ಷ ಸರ್ಕಸ್ ಹೆಸರೆತ್ತಿದರೆ ಅಜ್ಜಿಯರು ಬೇಡ ಅನ್ನುತ್ತಿದ್ದರು.

ನಮ್ಮ ಗೋಡೌನಿಗೂ ಇದ್ದದ್ದು ಒಂದೇ ಬಾಗಿಲು. ಅದೂ ಎಳೆಯುವ ಕಬ್ಬಿಣದ ಶಟರ್. ಸೀಮೆಎಣ್ಣೆ ಡಬ್ಬ ಬಾಗಿಲ ಪಕ್ಕದಲ್ಲೇ! ಇವತ್ತು ಅಂಥ ಜಾಗಕ್ಕೆ ನನ್ನ ಮಗಳನ್ನು ಕಳಿಸುತ್ತೇನಾ? ಇಲ್ಲ. 2024ರ ಮೇ ತಿಂಗಳಲ್ಲಿ ರಾಜ್‌ಕೋಟ್‌ನ ಗೇಮ್ ಝೋನ್‌ನಲ್ಲಿ ಬೆಂಕಿ ಬಿದ್ದು 27 ಜನ ಸತ್ತಾಗ ಗೊತ್ತಾಗಿದ್ದೇನು? ಅಗ್ನಿಶಾಮಕ ಇಲಾಖೆಯ ಎನ್‌ಒಸಿಯೇ, ಅಂದರೆ ನಿರಾಕ್ಷೇಪಣಾ ಪತ್ರವೇ ಇರಲಿಲ್ಲ. ಹಾಗಾಗಿ ಎರಡನೇ ಬಾಗಿಲು ಬೇಕು, ಅಗ್ನಿಶಾಮಕ ಸಲಕರಣೆ ಬೇಕು, ಲೈಸೆನ್ಸ್ ಬೇಕು ಅನ್ನೋದು ನ್ಯಾಯವೇ. ಅದರ ಖರ್ಚನ್ನು ಮೇಲಿನ ಲೆಕ್ಕದ 12,000 ರೂಪಾಯಿ ಎಲ್ಲಿಂದ ಹೊರಬೇಕು ಅನ್ನೋದು ಬೇರೆ ಮಾತು. ದೊಡ್ಡ ಬಂಡವಾಳದವರು ಹೊರುತ್ತಾರೆ. ಅವರು ತುಮಕೂರಿಗೆ ಬರುವುದಿಲ್ಲ.

ಯಾಕೆ ಬರಬೇಕು, ನಾವೇ ಅಲ್ಲಿಗೆ ಹೋಗುತ್ತೇವಲ್ಲ! 2005ರಲ್ಲಿ ಬಿಡದಿ ಹತ್ತಿರ ವಂಡರ್‌ಲಾ ಶುರುವಾಯಿತು. ಆಮೇಲೆ ಬೆಂಗಳೂರಿನ ಮಾಲ್‌ಗಳಲ್ಲಿ ಬೌಲಿಂಗು, ಟ್ರಾಂಪೊಲಿನ್ನು, ಎಸಿ ಸಿನಿಮಾ. ಹೈವೇ ಅಗಲವಾಯಿತು. ನಮ್ಮೂರ ಶಾಲೆಯ ಮಕ್ಕಳು ಬೆಳಗ್ಗೆ ಬಸ್ಸು ಹತ್ತಿ, ನೀರಲ್ಲಿ ಕುಣಿದು, ರಾತ್ರಿ ವಾಪಸ್. ಒಂದು ಸಂಸಾರ ಹೀಗೆ ಹೋಗಿಬಂದರೆ ಟಿಕೆಟು, ಊಟ, ಪೆಟ್ರೋಲು ಸೇರಿ ಸಾವಿರಗಳ ಲೆಕ್ಕ. ಹಾಗಾಗಿ ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಗೋಡೌನಿನ ಸ್ಕೇಟಿಂಗ್ ಹಾಗಲ್ಲ. ಮಂಗಳವಾರ ಸಂಜೆ ಹೋಮ್‌ವರ್ಕ್ ಮುಗಿಸಿ, ಅಪ್ಪನ ಜೇಬಿನ ಚಿಲ್ಲರೆ ಕೇಳಿ, ನಡೆದುಕೊಂಡು ಹೋಗುವ ಮೋಜು ಅದು. ಈಗ ವಾರಕ್ಕೆ ಮೂರು ಸಲ ಸಿಗುತ್ತಿದ್ದದ್ದು ವರ್ಷಕ್ಕೆ ಒಂದು ಸಲ ಸಿಗುತ್ತಿದೆ. ನಡುವಿನ ದಿನಗಳಿಗೆ ಮೊಬೈಲ್ ಇದೆಯಲ್ಲ, ಅಲ್ಲಿ ಬಂತು ನೋಡಿ ಅದರ ಪಾತ್ರ. 2024ರ ನವೆಂಬರ್‌ನಲ್ಲಿ ಮೆಟ್ರೊ ತುಮಕೂರು ರಸ್ತೆಯ ಮಾದಾವರದವರೆಗೆ ಬಂದಿದೆ, ತುಮಕೂರಿಗೂ ತರುವ ಮಾತು ನಡೆದಿದೆ. ಬಂದರೆ ಎಲ್ಲರಿಗೂ ಅನುಕೂಲ, ಸಂತೋಷ. ಆದರೆ ಆಮೇಲೆ ಇಲ್ಲಿ ಒಂದು ರಿಂಕ್ ತೆರೆಯೋಣ ಅನ್ನುವ ಧೈರ್ಯಸ್ಥ ಸಿಗುವುದು ಇನ್ನೂ ಕಷ್ಟ.

ಕೋಲಾರ ಜಿಲ್ಲೆಯ ಕೆಜಿಎಫ್ ಕತೆ ಬೇರೆ ಥರ. ಅಲ್ಲಿ ಕ್ಲಬ್ಬು, ಗಾಲ್ಫ್ ಮೈದಾನ, ಟೆನಿಸ್ಸು, ಬಿಲಿಯರ್ಡ್ಸ್ ಎಲ್ಲಾ ಗಣಿ ಕಂಪನಿಯ ಜೊತೆ ಬಂದವು. ಬಹಳ ಕಾಲ ಅವು ಬಿಳಿಯ ಅಧಿಕಾರಿಗಳ ಸ್ವತ್ತು. ಕಾರ್ಮಿಕರ ಲೈನ್ ಮನೆಗಳ ಮೋಜೇ ಬೇರೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಆ ಜಗತ್ತಿನ ಬೆನ್ನೆಲುಬೇ ಮುರಿಯಿತು. ಅಲ್ಲಿ ನೆಲದ ಬೆಲೆ ಏರಿ ಮೋಜು ಹೋದದ್ದಲ್ಲ, ಕೆಲಸವೇ ಹೋಯಿತು. ತುಮಕೂರಿನಲ್ಲೂ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಜೊತೆ ಅಂಥದ್ದೇ ಒಂದು ಚಿಕ್ಕ ಜಗತ್ತು ಮುಗಿಯಿತು. ಇಂಥದ್ದಕ್ಕೆ ಯಾರು ಏನು ಮಾಡಲಾದೀತು? ಊರು ಬೆಳೆದು ಮೋಜು ಸತ್ತರೆ ಮಾತ್ರ ಅದು ನಾವೇ ಮಾಡಿಕೊಂಡದ್ದು.

ಜನರಿಗೆ ಆಸೆ ಬತ್ತಿದೆಯಾ ಅಂದರೆ, ಇಲ್ಲವೇ ಇಲ್ಲ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆಗೆ ಹೋಗಿ ನೋಡಿ. ದನಗಳ ಪರಿಷೆ, ವಸ್ತು ಪ್ರದರ್ಶನ, ಬೆಂಡು ಬತ್ತಾಸು, ಕಡ್ಲೆಪುರಿ, ಮೆಣಸಿನಕಾಯಿ ಬಜ್ಜಿ. ಜೈಂಟ್ ವೀಲ್ ಮುಂದೆ ಕ್ಯೂ. ಕೊಲಂಬಸ್ ದೋಣಿ ಮೇಲಕ್ಕೆ ಹೋದಾಗ ಬೀಳುವ ಕಿರುಚಾಟದಲ್ಲಿ ಕಾಲೇಜು ಹುಡುಗಿಯರ ದನಿಯೂ ಇದೆ, ಸೆರಗು ಬಿಗಿಹಿಡಿದ ಅಜ್ಜಿಯ ದನಿಯೂ ಇದೆ. ಇದು ಇನ್ನೂ ಬದುಕಿರುವುದಕ್ಕೆ ಕಾರಣ ಸರಳ. ನೆಲಕ್ಕೆ ವರ್ಷವಿಡೀ ಬಾಡಿಗೆ ಕಟ್ಟಬೇಕಿಲ್ಲ. ಹದಿನೈದು ದಿನ ನಡೆಸಿ, ಬಿಚ್ಚಿ ಕಟ್ಟಿದರೆ ಮುಂದಿನ ಜಾತ್ರೆಗೆ ಲಾರಿ ಹೊರಡುತ್ತದೆ.

ಹಾಗಾದರೆ ವರ್ಷವಿಡೀ ಬೇಕಾದ ನೆಲ ಎಲ್ಲಿಂದ ಬರಬೇಕು? ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಕ್ರೀಡಾಂಗಣ ಹೊಸದಾಯಿತು, ಅಮಾನಿಕೆರೆ ದಂಡೆ ಚೆಂದವಾಯಿತು. ವಾಕಿಂಗ್ ಮಾಡುವವರಿಗೆ, ತಾಲೀಮು ಮಾಡುವವರಿಗೆ ಜಾಗ ಸಿಕ್ಕಿತು. ಒಳ್ಳೆಯದೇ ಆಯಿತು. ಆದರೆ ಸುಮ್ನೆ ಮೋಜಿಗೆ, ಕಲಿಯದವರಿಗೆ, ಬೀಳುವವರಿಗೆ ನುಣುಪಾದ ಮೂರು ಸಾವಿರ ಚದರ ಅಡಿ ನೆಲ ಬೇಕು ಅನ್ನೋದು ಯಾರ ಪಟ್ಟಿಯಲ್ಲೂ ಇದ್ದಂತೆ ಕಾಣಲಿಲ್ಲ. ಮೇಲಿನ ಲೆಕ್ಕದಿಂದ 96,000 ರೂಪಾಯಿ ಬಾಡಿಗೆ ಒಂದನ್ನು ತೆಗೆದುಬಿಡಿ. ಟಿಕೆಟ್ ಅರ್ಧಕ್ಕೆ ಇಳಿಸಿದರೂ ರಿಂಕ್ ನಡೆಯುತ್ತದೆ. ನೆಲ ಪಾಲಿಕೆಯದ್ದಾಗಿ, ನಡೆಸುವವರು ಖಾಸಗಿಯವರಾದರೂ ಸಾಕು.

ಅದು ಆಗುವವರೆಗೆ? ಇಲ್ಲೊಂದು ಹುಚ್ಚು ಯೋಚನೆ ಇದೆ. ನಮ್ಮೂರಲ್ಲಿ ನುಣುಪಾದ ದೊಡ್ಡ ನೆಲಕ್ಕೆ ಬರವೇ ಇಲ್ಲ. ಎಲ್ಲಾ ಕಲ್ಯಾಣ ಮಂಟಪಗಳಲ್ಲಿವೆ. ಗ್ರಾನೈಟ್ ಹಾಸು, ಎತ್ತರದ ಸೂರು, ಎರಡು ಮೂರು ಬಾಗಿಲು, ಜನರೇಟರು, ಪಾರ್ಕಿಂಗು. ಆಷಾಢದಲ್ಲಿ ಮುಹೂರ್ತವಿಲ್ಲ. ಧನುರ್ಮಾಸದಲ್ಲೂ ಇಲ್ಲ. ಆ ಎರಡು ತಿಂಗಳು ಕುರ್ಚಿಗಳನ್ನು ಪೇರಿಸಿಟ್ಟು ಬೀಗ ಹಾಕಿರುತ್ತಾರೆ. ಮೊನ್ನೆ ಪರಿಚಯದ ಛತ್ರದ ಯಜಮಾನರ ಹತ್ತಿರ ಈ ಮಾತೆತ್ತಿದೆ. ಜೋರಾಗಿ ನಕ್ಕರು.

"ನೆಲ ಗೀರು ಬೀಳಲ್ವಾ ಸ್ವಾಮಿ? ಒಂದ್ಸಲ ಪಾಲಿಷ್ ಮಾಡ್ಸೋಕೆ ಎಷ್ಟಾಗುತ್ತೆ ಗೊತ್ತಾ?"

ಮಗಳ ಸ್ಕೇಟು ಕಾರಲ್ಲೇ ಇತ್ತು. ತಂದು ತೋರಿಸಿದೆ. ಈಗಿನದು ಕಬ್ಬಿಣದ ಚಕ್ರ ಅಲ್ಲ, ಯುರೆಥೇನ್ ಅನ್ನೋ ಒಂಥರಾ ಪ್ಲಾಸ್ಟಿಕ್. 1970ರ ದಶಕದಿಂದ ಇದೇ ಚಾಲ್ತಿಯಲ್ಲಿರುವುದು. ಉಗುರಿನಿಂದ ಒತ್ತಿದರೆ ರಬ್ಬರಿನಂತೆ ಸ್ವಲ್ಪ ತಗ್ಗುತ್ತದೆ. ಇನ್ನೂ ಮೆತ್ತನೆಯದು ಹಾಕಿದರೆ ನುಣುಪು ನೆಲದಲ್ಲೂ ಜಾರದೆ ಹಿಡಿಯುತ್ತದೆ, ಮರಳು ಮಾತ್ರ ಇರಬಾರದು ಅಷ್ಟೇ, ಗುಡಿಸಿ ಬಿಟ್ಟರೆ ಆಯಿತು ಅಂದೆ. ಯಜಮಾನರು ಸ್ಕೇಟನ್ನು ಕೈಗೆ ತೆಗೆದುಕೊಂಡರು. ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ಚಕ್ರವನ್ನು ಒಂದು ಸಲ ಸವರಿದರು, ಅದು ಸದ್ದಿಲ್ಲದೆ ಬಹಳ ಹೊತ್ತು ಸುತ್ತುತ್ತಲೇ ಇತ್ತು. ಆಮೇಲೆ ಬಗ್ಗಿ ಅದನ್ನು ನೆಲದ ಮೇಲಿಟ್ಟು ಮೆಲ್ಲಗೆ ತಳ್ಳಿದರು. ಊಟದ ಹಾಲಿನ ಆ ತುದಿಯವರೆಗೂ ಹೋಗಿ ಗೋಡೆಗೆ ತಾಗಿ ನಿಂತಿತು. ಹೋಗಿ ಬಗ್ಗಿ, ಅಂಗೈಯಿಂದ ನೆಲ ಸವರಿ ಗೀರು ಬಿದ್ದಿದೆಯಾ ಅಂತ ನೋಡಿದರು.

"ಆಷಾಢ ಬರಲಿ, ನೋಡೋಣ" ಅಂದರು. ಸ್ಕೇಟು ವಾಪಸ್ ಕೊಡುವ ಮೊದಲು ಕೇಳಿದರು: "ನನ್ನ ಸೈಜಿಂದು ಸಿಗುತ್ತಾ?"